ವಾಹನ ನಿಲುಗಡೆ ಫಲಕಗಳು: ವ್ಯಾಪಾರಸ್ಥರು ಅರಿಯಬೇಕಾದ ಅಂಶಗಳು

ಪೇಟೆಯ ಅಂಗಡಿಗೆ ಮಾಲು ಇಳಿಸಲು ಬಂದ ಟೆಂಪೋ ಅರ್ಧ ಗಂಟೆಯೊಳಗೆ ಸಂಚಾರ ಠಾಣೆಯ ಆವರಣ ಸೇರಿದಾಗ ಚಾಲಕನು ಮಾಲೀಕರಿಗೆ ಹೇಳುವ ಮಾತು ಬಹುಮಟ್ಟಿಗೆ ಒಂದೇ: "ಬೋರ್ಡು ನೋಡಿದೆ ಸಾರ್, ಅರ್ಥವಾಗಲಿಲ್ಲ." ಈ ಮಾತು ಬರಿಯ ನೆಪವಲ್ಲ. ಒಂದೇ ಕಂಬಕ್ಕೆ ಎರಡು ಮೂರು ಫಲಕಗಳನ್ನು ಜೋಡಿಸಿರುವ ಬೀದಿಗಳು ಎಲ್ಲ ನಗರಗಳಲ್ಲಿಯೂ ಇವೆ. ಆದರೆ 1988ರ ಮೋಟಾರು ವಾಹನಗಳ ಅಧಿನಿಯಮದ 119ನೇ ಕಲಂ ಪ್ರಕಾರ ಆಜ್ಞಾಸೂಚಕ ಫಲಕಗಳನ್ನು ಪಾಲಿಸುವುದು ಚಾಲಕನ ಕರ್ತವ್ಯವಾದುದರಿಂದ, ಅರ್ಥವಾಗಲಿಲ್ಲವೆಂಬ ಸಮಜಾಯಿಷಿ ನಿಲ್ಲುವುದಿಲ್ಲ.

ಮೊದಲು ಆಕಾರವನ್ನು ಗಮನಿಸಬೇಕು. ವೃತ್ತಾಕಾರದ ಫಲಕ ಆಜ್ಞೆ, ತ್ರಿಕೋನ ಎಚ್ಚರಿಕೆ, ಚೌಕ ಅಥವಾ ಆಯತ ಮಾಹಿತಿ. ನೀಲಿ ಚೌಕದಲ್ಲಿ ಬಿಳಿಯ 'ಪಿ' ಅಕ್ಷರವಿದ್ದರೆ ಅಲ್ಲಿ ನಿಲುಗಡೆಗೆ ಅವಕಾಶವುಂಟು. ಕೆಂಪು ಅಂಚಿನ ನೀಲಿ ವೃತ್ತದ ಮೇಲೆ ಒಂದೇ ಓರೆಗೆರೆಯಿದ್ದರೆ ವಾಹನ ನಿಲುಗಡೆ ನಿಷೇಧ. ಗೆರೆಗಳು ಎರಡಾಗಿ ಒಂದನ್ನೊಂದು ಕತ್ತರಿಸಿದ್ದರೆ ಕ್ಷಣಮಾತ್ರವೂ ನಿಲ್ಲುವಂತಿಲ್ಲ. ಹೆಚ್ಚಿನ ಚಾಲಕರು ಎಡವುವುದು ಈ ಎರಡರ ನಡುವೆ. ಒಂದು ಗೆರೆಯ ಫಲಕದ ಕೆಳಗೆ ಸರಕು ಇಳಿಸುವುದನ್ನು 'ಸ್ವಲ್ಪ ಹೊತ್ತಿನ ಕೆಲಸ' ಎಂದು ತಾವೇ ತೀರ್ಮಾನಿಸಿಕೊಳ್ಳುವುದೂ ಜಾಣತನವಲ್ಲ.

ಮುಖ್ಯ ಫಲಕದ ಕೆಳಗಿರುವ ಸಣ್ಣ ಪಟ್ಟಿಯೇ ಗೊಂದಲದ ಮೂಲ. ಮೇಲಿನದು ನಿಯಮ, ಕೆಳಗಿನದು ಅದರ ಮಿತಿ ಎಂದು ಓದಿಕೊಂಡರೆ ಅರ್ಧ ತೊಡಕು ಬಿಡುತ್ತದೆ. ವೇಳೆ ಬರೆದಿದ್ದರೆ ನಿಷೇಧ ಆ ವೇಳೆಗೆ ಮಾತ್ರ. ಏನೂ ಬರೆಯದಿದ್ದರೆ ಹಗಲಿರುಳೂ ಅನ್ವಯ. ಬಾಣದ ಗುರುತು ನಿಷೇಧವು ಕಂಬದಿಂದ ಯಾವ ಕಡೆಗೆ ಹರಡಿದೆಯೆಂಬುದನ್ನು ಸೂಚಿಸುತ್ತದೆ.

ಸಮ ದಿನಾಂಕ, ಬೆಸ ದಿನಾಂಕ ಎಂದು ರಸ್ತೆಯ ಎರಡು ಬದಿಗಳನ್ನು ಸರದಿಯಂತೆ ಬಿಟ್ಟುಕೊಡುವ ಬೀದಿಗಳ ಲೆಕ್ಕವೇ ಬೇರೆ. ಇಲ್ಲಿ ದಿನ ಬದಲಾಗುವುದು ಅಂಗಡಿ ತೆರೆಯುವಾಗ ಅಲ್ಲ, ಮಧ್ಯರಾತ್ರಿಯಲ್ಲಿ. 14ರ ರಾತ್ರಿ ಸರಿಯಾದ ಬದಿಯಲ್ಲಿ ನಿಲ್ಲಿಸಿ ಹೋದ ವಾಹನ 15ರ ಬೆಳಿಗ್ಗೆ ತಪ್ಪಾದ ಬದಿಯಲ್ಲಿರುತ್ತದೆ. 31 ದಿನಗಳ ತಿಂಗಳು ಮುಗಿದು 1ನೇ ತಾರೀಖು ಬಂದಾಗ ಮಾತ್ರ ಎರಡು ದಿನಗಳೂ ಬೆಸವೇ ಆದುದರಿಂದ ಬದಿ ಬದಲಾಗುವುದಿಲ್ಲ. ಅಭ್ಯಾಸಬಲದಿಂದ ಅಂದು ಎದುರು ಬದಿಗೆ ವಾಹನ ಒಯ್ದವನೇ ತಪ್ಪಿತಸ್ಥನಾಗುತ್ತಾನೆ. ವರ್ಷದಲ್ಲಿ ಏಳು ಬಾರಿ, ಅಧಿಕ ವರ್ಷದಲ್ಲಿ ಫೆಬ್ರವರಿ 29 ಸೇರಿ ಎಂಟು ಬಾರಿ, ಹೀಗಾಗುತ್ತದೆ.

ಅಂಗಡಿಕಾರರು ತಾವೇ ಬರೆಸಿ ನೇತುಹಾಕುವ 'ನೋ ಪಾರ್ಕಿಂಗ್' ಬೋರ್ಡುಗಳ ಬಗ್ಗೆಯೂ ಒಂದು ಮಾತು. 116ನೇ ಕಲಂ ಸಂಚಾರ ಫಲಕ ನಿಲ್ಲಿಸುವ ಅಧಿಕಾರವನ್ನು ಸರ್ಕಾರಕ್ಕೂ ಅದು ಅಧಿಕಾರ ನೀಡಿದ ಪ್ರಾಧಿಕಾರಕ್ಕೂ ಕೊಟ್ಟಿದೆ, ಅಂಗಡಿಕಾರರಿಗಲ್ಲ. ಹಾಗೆಂದು ಇನ್ನೊಬ್ಬರ ಗೇಟಿಗೆ ಅಡ್ಡಲಾಗಿ ನಿಲ್ಲಿಸುವಂತಿಲ್ಲ. ಪಾದಚಾರಿ ಮಾರ್ಗ, ರಸ್ತೆ ದಾಟುವ ಪಟ್ಟೆ, ಬಸ್ ನಿಲ್ದಾಣದ ಸಮೀಪ, ಇಂಥ ಕಡೆಗಳಲ್ಲಿ ಫಲಕವಿರಲಿ ಇಲ್ಲದಿರಲಿ ನಿಲುಗಡೆ ತಪ್ಪೇ.

ಇನ್ನು ಖರ್ಚಿನ ವಿಚಾರ. 2019ರ ತಿದ್ದುಪಡಿಯ ನಂತರ 177ನೇ ಕಲಂ ಮೇರೆಗೆ ಮೊದಲ ಬಾರಿಗೆ ರೂ. 500ರವರೆಗೆ, ಮರುಕಳಿಸಿದರೆ ರೂ. 1,500ರವರೆಗೆ ದಂಡ ವಿಧಿಸಬಹುದು. ಸ್ಥಳದಲ್ಲಿಯೇ ಕಟ್ಟಿ ರಾಜಿ ಮಾಡಿಕೊಳ್ಳುವ ಮೊತ್ತವನ್ನು 200ನೇ ಕಲಂ ಪ್ರಕಾರ ರಾಜ್ಯ ಸರ್ಕಾರ ಗೊತ್ತುಪಡಿಸುತ್ತದೆ. ವಾಹನವನ್ನು ಎಳೆದೊಯ್ದರೆ ಆ ವೆಚ್ಚವೂ 127ನೇ ಕಲಂ ಮೇರೆಗೆ ಮಾಲೀಕರದೇ.

ಗುಮಾಸ್ತರು ಈ ಮೊತ್ತಗಳನ್ನು 'ವಾಹನ ವೆಚ್ಚ'ದ ಖಾತೆಗೆ ಖರ್ಚು ಹಾಕಿಬಿಡುವುದು ವಾಡಿಕೆ. ಇದು ಸರಿಯಲ್ಲ. ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ವೆಚ್ಚವನ್ನು ವ್ಯಾಪಾರದ ವೆಚ್ಚವೆಂದು ಪರಿಗಣಿಸುವಂತಿಲ್ಲವೆಂದು 1961ರ ಆದಾಯ ತೆರಿಗೆ ಅಧಿನಿಯಮದ 37(1)ನೇ ಕಲಮಿಗೆ 1998ರಲ್ಲಿ ವಿವರಣೆ ಸೇರಿಸಲಾಯಿತು. 2025ರ ಹೊಸ ಅಧಿನಿಯಮದಲ್ಲಿಯೂ ಈ ತತ್ವ ಉಳಿದಿದೆ. ಅದಕ್ಕೂ ಬಹಳ ಹಿಂದೆಯೇ, ಖರ್ಜೂರ ಆಮದಿನ ಸಂಬಂಧದ ಹಾಜಿ ಅಜೀಜ್ ಪ್ರಕರಣದಲ್ಲಿ (41 ಐ.ಟಿ.ಆರ್. 350), ಕಾನೂನು ಮೀರಿದ್ದಕ್ಕೆ ತೆತ್ತ ದಂಡ ವ್ಯಾಪಾರದ ನಷ್ಟವಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು.

ಉದಾಹರಣೆಗೆ, ಪಾಲುದಾರಿಕೆ ಸಂಸ್ಥೆಯೊಂದರ ಟೆಂಪೋಗೆ ಮೂರು ಬಾರಿ ಗರಿಷ್ಠ ದಂಡ ಬಿದ್ದರೆ ಒಟ್ಟು ರೂ. 3,500. ಆದಾಯದಿಂದ ಇದನ್ನು ಕಳೆಯಲು ಬಾರದ ಕಾರಣ ಸೆಸ್ ಸೇರಿ ಶೇ. 31.2ರಂತೆ ರೂ. 1,092 ತೆರಿಗೆಯೂ ಉಳಿಯುತ್ತದೆ. ಮೊತ್ತ ದೊಡ್ಡದಲ್ಲ, ಆದರೆ ಗಿರಾಕಿಗೆ ಹೊತ್ತಿಗೆ ಸರಿಯಾಗಿ ತಲುಪದ ಮಾಲಿನ ನಷ್ಟ ಇದರಲ್ಲಿ ಸೇರಿಲ್ಲ.

ನಿಲುಗಡೆ ಶುಲ್ಕದ ವಿಚಾರ ಬೇರೆ. ವ್ಯಾಪಾರದ ಕೆಲಸಕ್ಕಾಗಿ ಅಧಿಕೃತ ತಾಣದಲ್ಲಿ ಕಟ್ಟಿದ ಶುಲ್ಕ ನ್ಯಾಯವಾದ ವೆಚ್ಚವೇ. ದಂಡಕ್ಕೆ ಪ್ರತ್ಯೇಕ ಖಾತೆ ತೆರೆದು ಚಲನ್‌ಗಳನ್ನು ಅದರಲ್ಲಿಯೇ ಇಡುವುದು ಲೇಸು. ಶುಲ್ಕದ ರಸೀತಿ ಕಳೆದಿದ್ದಲ್ಲಿ ದಿನಾಂಕ, ಸ್ಥಳ, ವಾಹನದ ಸಂಖ್ಯೆ ಬರೆದು ಚಾಲಕನ ಸಹಿ ಪಡೆದ ವೋಚರನ್ನು ಅಂದೇ ತಯಾರಿಸತಕ್ಕದ್ದು, ವರ್ಷಾಂತ್ಯದಲ್ಲಿ ಅಲ್ಲ.