ಯಾವ ಉತ್ತರ ಯಾವ ಪ್ರಶ್ನೆಗೆ?

ಡಿಎನ್‌ಎಸ್ ಸರ್ವರ್‌ಗೆ ಒಟ್ಟಿಗೆ ಹತ್ತು ಪ್ರಶ್ನೆ ಕಳಿಸಿದ್ರೆ ಉತ್ತರಗಳು ಅದೇ ಕ್ರಮದಲ್ಲಿ ಬರಬೇಕು ಅಂತೇನಿಲ್ಲ. ಯುಡಿಪಿ ಕ್ರಮ ಕಾಯುವುದಿಲ್ಲ. ಅದಕ್ಕೇ ಪ್ರತಿ ಪ್ರಶ್ನೆಗೂ 16 ಬಿಟ್‌ನ ಒಂದು ಐಡಿ ಇರುತ್ತೆ. ಸರ್ವರ್ ಅದೇ ಐಡಿಯನ್ನು ಉತ್ತರದ ಜೊತೆ ವಾಪಸ್ ಕಳಿಸುತ್ತೆ. ದೇವಸ್ಥಾನದ ಚಪ್ಪಲಿ ಸ್ಟ್ಯಾಂಡ್‌ನ ಟೋಕನ್ ಇದ್ದ ಹಾಗೆ.

ಆದರೆ 16 ಬಿಟ್ ಅಂದ್ರೆ 65,536 ಸಂಖ್ಯೆಗಳು ಮಾತ್ರ. ನಿಜವಾದ ಉತ್ತರ ಬರೋ ಮುಂಚೆ ಕಳ್ಳನೊಬ್ಬ ಐಡಿ ಊಹಿಸಿ ಸುಳ್ಳು ಉತ್ತರ ಕಳಿಸಿದ್ರೆ? ಬ್ಯಾಂಕಿನ ವಿಳಾಸ ಕೇಳಿದವರು ಅವನ ಸರ್ವರ್‌ಗೆ ಹೋಗ್ತಾರೆ. ಇದು ಎಷ್ಟು ಸುಲಭ ಅಂತ 2008ರಲ್ಲಿ ಡ್ಯಾನ್ ಕಮಿನ್ಸ್ಕಿ ತೋರಿಸಿದರು. ಆಮೇಲೆ ಪ್ರಶ್ನೆ ಕಳಿಸುವ ಪೋರ್ಟನ್ನೂ ರ‍್ಯಾಂಡಮ್ ಆಗಿ ಆರಿಸುವುದು ರೂಢಿಯಾಯಿತು. ಈಗ ಐಡಿ, ಪೋರ್ಟ್ ಎರಡನ್ನೂ ಊಹಿಸಬೇಕು.

ಯುಡಿಪಿ ಮೇಲೆ ನೀವೇ ಪ್ರೋಟೋಕಾಲ್ ಬರೆಯುವಾಗ ಐಡಿಗಳನ್ನು 1, 2, 3 ಅಂತ ಕೊಡಬೇಡಿ.