ಪದ್ಮಿನಿ ಕೃಷ್ಣೆ ದಾಟುವ ಮುನ್ನ

ತಮ್ಮಾ, ಮನೆಯ ಪ್ರೀಮಿಯರ್ ಪದ್ಮಿನಿಯನ್ನು ದೂರದ ಪ್ರಯಾಣಕ್ಕೆ ತೆಗೆಯುತ್ತೀಯಂತೆ, ಕೇಳಿ ಮನಸ್ಸು ತುಂಬಿ ಬಂತು. ನಿಪ್ಪಾಣಿಯಿಂದ ಚಿಕ್ಕೋಡಿ, ರಾಯಬಾಗ, ಕುಡಚಿಗೆ ಬಂದು ಹೊಳೆ ದಾಟಿ, ಉಗಾರ, ಶೇಡಬಾಳ, ಕಾಗವಾಡ ನೋಡಿಕೊಂಡು ಅಥಣಿ, ಅಲ್ಲಿಂದ ವಿಜಯಪುರ. ದಾರಿ ಚಲೋ ಆರಿಸಿದ್ದೀ. ಆದರೆ ಗಾಡಿಯ ಮೈ ನಿನ್ನ ಕೈಗೆ ಗೊತ್ತಾಗುವವರೆಗೆ ಹೊರಡಬೇಡ. ಮೆಕ್ಯಾನಿಕ್ ಎಲ್ಲ ನೋಡಿದ್ದಾನೆ ಎಂಬ ಮಾತು ನನಗೆ ಸಾಲದು.

ಮೊದಲು ಪೆಟ್ರೋಲಿನ ಸಂಗತಿ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ-20 ಪೆಟ್ರೋಲೇ ಈಗ ಹೆಚ್ಚಿನ ಬಂಕುಗಳಲ್ಲಿ ಸಿಗುತ್ತದೆ. ಅದರಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ನಮ್ಮ ಸೀಮೆಯ ಕಬ್ಬಿಗೆ ಅದರಿಂದ ಒಂದು ದಾರಿಯಾಗಿದೆ, ನನಗೆ ಅದರ ಬಗ್ಗೆ ತಕರಾರಿಲ್ಲ. ಆದರೆ ಈ ಗಾಡಿ ಮುಂಬೈಯ ಕುರ್ಲಾದಲ್ಲಿ ತಯಾರಾದಾಗ ಹಾಕಿದ ರಬ್ಬರಿಗೆ ಎಥೆನಾಲ್ ಒಗ್ಗುವುದಿಲ್ಲ. ಪೈಪು ಉಬ್ಬುತ್ತದೆ, ಪಂಪಿನ ಡಯಾಫ್ರಾಮ್ ಬಿರಿಯುತ್ತದೆ, ಟ್ಯಾಂಕಿನ ತಳದ ಹಳೇ ಕಸ ಎದ್ದು ಬಂದು ಕಾರ್ಬೊರೇಟರಿನ ಜೆಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತಿ ಪೆಟ್ರೋಲ್ ಪೈಪಿನ ಉದ್ದಕ್ಕೂ ಹೆಬ್ಬೆರಳು ಆಡಿಸು. ಎಲ್ಲಾದರೂ ಅಂಟಂಟಾಗಿದ್ದರೆ, ಮೆತ್ತಗಿದ್ದರೆ, ಕ್ಲಿಪ್ಪಿನ ಬಾಯಲ್ಲಿ ಸಣ್ಣ ಸೀಳು ಕಂಡರೆ ಎಥೆನಾಲ್ ತಾಳುವ ಹೊಸ ಪೈಪು ಹಾಕಿಸು. ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಗಾಡಿಯಷ್ಟೇ ಅಲ್ಲ, ಜೀವವೂ ಹೋದೀತು. ಬೆಂಕಿ ಆರಿಸುವ ಸಿಲಿಂಡರ್ ಡಿಕ್ಕಿಯಲ್ಲಲ್ಲ, ಸೀಟಿನ ಹತ್ತಿರ ಇರಲಿ. ತಿಂಗಳುಗಟ್ಟಲೆ ನಿಂತ ಪೆಟ್ರೋಲು ನೀರು ಹೀರಿಕೊಂಡಿರುತ್ತದೆ, ಅದನ್ನು ಖಾಲಿ ಮಾಡಿಯೇ ಹೊಸದು ತುಂಬಿಸು.

ಆಮೇಲೆ ತವಂದಿ ಘಾಟಿಗೆ ಒಯ್ದು ನೋಡು. ಏರುವಾಗ ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಇಳಿಯುವಾಗ ಗೇರಿನಲ್ಲೇ ಹಿಡಿದು ಇಳಿಸು. ನಾಲ್ಕೂ ಗಾಲಿಗೆ ಡ್ರಮ್ ಬ್ರೇಕು, ಒಂದೇ ಸಮ ತುಳಿದರೆ ಕಾದು ಹಿಡಿತ ಬಿಡುತ್ತವೆ. 1089 ಸಿಸಿ ಇಂಜಿನ್ನಿಗೆ ಹೆದ್ದಾರಿಯ ಹೊಸ ಗಾಡಿಗಳ ಜೊತೆ ಪೈಪೋಟಿ ಬೇಡ.

ಹೋಗುವ ಕಾಲವನ್ನೂ ನೋಡಿಕೊ. ಮಳೆಗಾಲದಲ್ಲಿ ನಮ್ಮಲ್ಲಿ ಬಿಸಿಲು ಕಾಯುತ್ತಿದ್ದರೂ ಮಹಾರಾಷ್ಟ್ರದ ಘಟ್ಟದಲ್ಲಿ ಸುರಿದದ್ದು ಇಲ್ಲಿ ಬಂದು ಏರುತ್ತದೆ. ವೇದಗಂಗೆಯ ಅಕ್ಕೋಳ-ಸಿದ್ನಾಳ, ಜತ್ರಾಟ-ಭಿವಶಿ, ಕೃಷ್ಣೆಯ ಕಲ್ಲೋಳ-ಯಡೂರ ಸೇತುವೆಗಳು ಮುಳುಗಿದ ಸುದ್ದಿ ವರ್ಷವರ್ಷವೂ ಬರುತ್ತದೆ. ನೀನು ದಾಟಬೇಕೆಂದಿರುವ ಕುಡಚಿ-ಉಗಾರ ಸೇತುವೆಯೂ ಮುಳುಗುವಂಥದ್ದೇ. 2019ರಲ್ಲಿ, ಮತ್ತೆ 2021ರಲ್ಲಿ ಹೊಳೆ ಊರೊಳಗೇ ಬಂದದ್ದನ್ನು ನೀನೂ ಕಂಡವನು. ಸೇತುವೆಯ ಮೇಲೆ ಮೊಳಕಾಲುದ್ದ ನೀರಿದ್ದರೂ ಗಾಡಿ ಇಳಿಸಬೇಡ.

ಹಾಗಾದರೆ ಡಿಸೆಂಬರ್, ಜನವರಿ. ಆದರೆ ಆಗ ಕಬ್ಬಿನ ಹಂಗಾಮು. ಎರಡೆರಡು ಟ್ರ್ಯಾಲಿ ಕಟ್ಟಿದ ಟ್ರ್ಯಾಕ್ಟರುಗಳಿಗೆ ಹಿಂದೆ ದೀಪವಿರುವುದು ಅಪರೂಪ, ಕಬ್ಬು ಆಚೀಚೆ ಚಾಚಿರುತ್ತದೆ. ನಮ್ಮ ಗಾಡಿಯ ಹೆಡ್‌ಲೈಟಿನ ಮಂದ ಬೆಳಕಿಗೆ ಅದು ಕಾಣುವ ಹೊತ್ತಿಗೆ ತೀರಾ ಹತ್ತಿರ ಬಂದಿರುತ್ತೀ. ಹೊತ್ತು ಮುಳುಗುವ ಮೊದಲೇ ಎಲ್ಲಿದ್ದೀಯೋ ಅಲ್ಲೇ ಇಳಿದುಬಿಡು. ಇದೊಂದು ಮಾತು ಮೀರಬೇಡ, ಕೈ ಮುಗಿದು ಕೇಳುತ್ತೇನೆ.

ಇನ್ನೊಂದು ವಿಷಯ. 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನಂಬರು ತೆಗೆಸೋಣ ಅಂತ ಗೆಳೆಯರು ಹೇಳುತ್ತಿರಬಹುದು. 2021ರ ನಿಯಮದ ಪ್ರಕಾರ ಆ ನಂಬರಿನ ಗಾಡಿಯನ್ನು ಪ್ರದರ್ಶನ, ರ್‍ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗೆ ತರಬಹುದು, ದಿನಬಳಕೆಗೆ ಅಲ್ಲ. ಓಡಿಸುವ ಆಸೆಯಿದ್ದವರು ಹಳೇ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ವಾಸಿ. ದಾರಿಯಲ್ಲಿ ಬಿಡಿಭಾಗ ಬೇಕಾದರೆ ಕೊಲ್ಹಾಪುರದ ಶಿವಾಜಿ ಉದ್ಯಮನಗರದ ಲೇಥುಗಳು ದೂರವಿಲ್ಲ, ನಿನ್ನ ಮರಾಠಿಯೂ ಸಾಕು.

ಅಥಣಿಯಲ್ಲಿ ಒಂದು ಜೊತೆ ಚಪ್ಪಲಿ ಕೊಳ್ಳು. ಕೊಲ್ಹಾಪುರಿ ಎಂದು ಮಾರುವ ಚಪ್ಪಲಿಗೆ 2019ರಲ್ಲಿ ಜಿಐ ಮಾನ್ಯತೆ ಬಂದಾಗ ನಮ್ಮ ಬೆಳಗಾವಿ ಜಿಲ್ಲೆಯೂ ಅದರಲ್ಲಿ ಸೇರಿತು. ಹೊಲಿಯುವವರ ಮನೆಗೇ ಹೋಗಿ, ಚೌಕಾಸಿ ಮಾಡದೆ ತಗೋ. ಹೊಸ ಅಟ್ಟೆ ಪೆಡಲ್ ಮೇಲೆ ಜಾರುತ್ತದೆ, ಹಾಕಿಕೊಂಡು ಗಾಡಿ ಓಡಿಸಬೇಡ.

ಮತ್ತೆ ನಿನ್ನ ಜೊತೆ ಬರುವ ತಂಗಿಯನ್ನು ಬರೀ ಪಕ್ಕದಲ್ಲಿ ಕೂರಿಸಿಕೊಂಡು ಹೋಗಬೇಡ. ಸ್ಟೇರಿಂಗಿನ ಗೇರು ಹಾಕುವುದನ್ನು ಅವಳಿಗೆ ಈಗಲೇ ಕಲಿಸು, ಶೇಡಬಾಳದಿಂದ ಕಾಗವಾಡದವರೆಗೆ ಅವಳೇ ಓಡಿಸಲಿ. ಡಿಸ್ಟ್ರಿಬ್ಯೂಟರಿನ ಪಾಯಿಂಟ್ ಉಜ್ಜುವುದಕ್ಕೂ ಅವಳನ್ನು ಕರೆ.