ಬಂಪರ್‌ಗಿಂತ ಮೊದಲು ಬ್ರೀದರ್ ಪೈಪು

ಹಳೆಯ ಜಿಪ್ಸಿ ಕೊಂಡವರು ಮೊದಲು ಕೇಳುವುದು ಯಾವ ಬಂಪರ್ ಹಾಕಿಸಲಿ, ಗಾಡಿಯನ್ನು ಎಷ್ಟು ಇಂಚು ಎತ್ತರಿಸಲಿ ಎಂದು. ಮೊದಲು ಗಾಡಿಯ ಕೆಳಗೆ ತೂರಿ ಆಕ್ಸಲ್‌ನ ಬ್ರೀದರ್ ಎಲ್ಲಿದೆ ನೋಡಿ ಅನ್ನುತ್ತೇನೆ ನಾನು. ಸಕಲೇಶಪುರದ ಸುತ್ತಮುತ್ತ ತೋಟದ ದಾರಿಗಳಲ್ಲಿ, ಬಿಸಿಲೆ ಕಡೆಯ ಹಳ್ಳಗಳಲ್ಲಿ ಇದೇ ಗಾಡಿ ಓಡಿಸಿ, ರಾತ್ರಿ ಅದರಲ್ಲೇ ಮಲಗಿ ಎದ್ದವನು ನಾನು. ಗಾಡಿ ನಡುದಾರಿಯಲ್ಲಿ ಕೈಕೊಡದಂತೆ ಕಾಯುವುದು ಹೊರಗೆ ಕಾಣದ, ನೂರಿನ್ನೂರು ರೂಪಾಯಿಯ ಸಾಮಾನುಗಳೇ.

ಬ್ರೀದರ್ ವಿಷಯವನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಘಟ್ಟ ಹತ್ತಿ ಬಂದ ಗಾಡಿಯ ಆಕ್ಸಲ್ ಒಳಗೆ ಎಣ್ಣೆಯೂ ಗಾಳಿಯೂ ಚೆನ್ನಾಗಿ ಕಾದಿರುತ್ತವೆ. ಹಿಗ್ಗಿದ ಗಾಳಿ ಹೊರಹೋಗಲೆಂದು ಹೌಸಿಂಗ್ ಮೇಲೆ ಬೆರಳ ತುದಿಯಷ್ಟು ದೊಡ್ಡ ಬ್ರೀದರ್ ಇಟ್ಟಿರುತ್ತಾರೆ. ಅದೇ ಬಿಸಿ ಆಕ್ಸಲ್ ಮೊಣಕಾಲುದ್ದದ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಬ್ರೀದರ್ ಮೂಲಕವೋ ಸವೆದ ಸೀಲ್ ಮೂಲಕವೋ ಹಳ್ಳದ ನೀರೇ ಒಳಗೆ ಹೋಗುತ್ತದೆ. ಗಾಡಿ ದಡ ಹತ್ತಿದಾಗ ಏನೂ ಗೊತ್ತಾಗುವುದಿಲ್ಲ. ವಾರಗಳ ಮೇಲೆ ಡ್ರೈನ್ ಬೋಲ್ಟ್ ಬಿಚ್ಚಿದರೆ ಆಕ್ಸಲ್ ಒಳಗಿನ ಆ ಎಣ್ಣೆ, ಅಂದರೆ ಕ್ರೌನ್ ಆಯಿಲ್, ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅಷ್ಟರಲ್ಲಿ ಬೇರಿಂಗ್ ತುಕ್ಕು ಹಿಡಿಯಲು ಶುರುವಾಗಿರುತ್ತದೆ.

ಇದಕ್ಕೆ ಬೇಕಾದದ್ದು ಒಂದು ನಿಪ್ಪಲ್, ಎಣ್ಣೆ ತಾಳುವ ಒಂದೆರಡು ಮೀಟರ್ ಪೆಟ್ರೋಲ್ ಹೋಸ್, ಎರಡು ಕ್ಲಾಂಪ್, ಬೈಕಿಗೆ ಹಾಕುವ ಸಣ್ಣ ಪೆಟ್ರೋಲ್ ಫಿಲ್ಟರ್. ಮುಂದಿನ ಆಕ್ಸಲ್‌ನ ಹೋಸನ್ನು ಬಾನೆಟ್ ಒಳಗೆ, ಬ್ಯಾಟರಿಗಿಂತ ಎತ್ತರಕ್ಕೆ ಒಯ್ದು, ತುದಿಗೆ ಫಿಲ್ಟರ್ ಸಿಕ್ಕಿಸಬೇಕು. ಹಿಂದಿನದನ್ನು ಬಾಡಿಯ ಒಳಮೈಗೆ ತಾಗಿಸಿ ಮೇಲಕ್ಕೆ ಒಯ್ಯಬೇಕು. ಆಕ್ಸಲ್ ಮೇಲೆ ಕೆಳಗೆ ಕುಣಿಯುವುದರಿಂದ ಹೋಸ್ ಬಿಗಿಯಾಗಿರಬಾರದು, ಸ್ವಲ್ಪ ಸಡಿಲ ಬಿಡಬೇಕು. ಸೈಲೆನ್ಸರ್ ಪೈಪಿಗಂತೂ ತಾಗಲೇಬಾರದು. ಎರಡೂ ಆಕ್ಸಲ್‌ಗೆ ಸೇರಿ ನನಗೆ ಐನೂರು ರೂಪಾಯಿಯೂ ಹಿಡಿಯಲಿಲ್ಲ. ಕ್ರೌನ್ ಕೆಲಸಕ್ಕೆ ಕೈ ಹಾಕಿದರೆ ಎಷ್ಟು ಸಾವಿರವಾಗುತ್ತದೆ ಎಂದು ಯಾವ ಗ್ಯಾರೇಜಿನಲ್ಲಾದರೂ ಕೇಳಿ ನೋಡಿ.

ಇನ್ನು ಹೆಡ್‌ಲೈಟು. ಮಳೆಗಾಲದಲ್ಲಿ ಘಟ್ಟದ ಮಂಜಿನಲ್ಲಿ ದಾರಿ ಕಾಣದೆ, ಹೆಚ್ಚು ವಾಟಿನ ಬಲ್ಬ್ ಹಾಕಿಸೋಣವೆಂದು ಹಾಸನದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೋಗಿದ್ದೆ. ಅವರು ಬಲ್ಬನ್ನು ಮುಟ್ಟಲೇ ಇಲ್ಲ. "ಮೊದ್ಲು ಕರೆಂಟ್ ಎಷ್ಟು ಬರ್ತಿದೆ ನೋಡೋಣ ಸಾರ್" ಎಂದು ಎಂಜಿನ್ ಓಡುತ್ತಿರುವಾಗಲೇ ಮೀಟರ್ ಹಿಡಿದರು. ಬ್ಯಾಟರಿಯಲ್ಲಿ 13.8 ವೋಲ್ಟ್ ಇತ್ತು. ಬಲ್ಬಿನ ಹೋಲ್ಡರ್‌ನಲ್ಲಿ 12 ಕೂಡ ಇರಲಿಲ್ಲ. ನನ್ನ ಗಾಡಿಯಲ್ಲಿ ಹೆಡ್‌ಲೈಟಿನ ಕರೆಂಟೆಲ್ಲ ಸ್ಟೀರಿಂಗ್ ಪಕ್ಕದ ಹಳೆಯ ಸ್ವಿಚ್ಚಿನ ಮೂಲಕ, ತೆಳ್ಳನೆಯ ವೈರಿನಲ್ಲಿ ಸುತ್ತಿ ಬರುತ್ತಿತ್ತು. 55 ವಾಟಿನ ಎರಡು ಬಲ್ಬೆಂದರೆ 9 ಆಂಪಿಯರ್ ಕರೆಂಟು. ದಾರಿಯಲ್ಲೇ ಅಷ್ಟು ವೋಲ್ಟೇಜ್ ಸೋರಿಹೋಗುತ್ತಿತ್ತು. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇ. 10 ಕಡಿಮೆಯಾದರೆ ಬೆಳಕು ಸುಮಾರು ಶೇ. 30 ಇಳಿಯುತ್ತದೆ.

ಅವರು ಎರಡು ರಿಲೇ ಕೂರಿಸಿ, ಬ್ಯಾಟರಿಯಿಂದ ದಪ್ಪ ವೈರನ್ನು ನೇರವಾಗಿ ಬಲ್ಬಿಗೆ ತಂದರು. ಈಗ ಸ್ವಿಚ್ಚು ರಿಲೇಗೆ ಸನ್ನೆ ಕೊಡುತ್ತದೆ ಅಷ್ಟೆ, ಭಾರ ಹೊರುವುದು ಹೊಸ ವೈರು. ಬಲ್ಬು ಅದೇ 60/55 ವಾಟಿನದು. ಅಂದು ರಾತ್ರಿ ಶಿರಾಡಿ ಇಳಿಯುವಾಗ ರಸ್ತೆಯಂಚಿನ ಬಿಳಿ ಗೆರೆ ತಿರುವಿನ ಆಚೆಯವರೆಗೂ ಕಂಡಿತು. ಬ್ಯಾಟರಿಯಿಂದ ಯಾವ ವೈರ್ ಎಳೆದರೂ ಅದರ ಫ್ಯೂಸ್ ಬ್ಯಾಟರಿಯ ಹತ್ತಿರ, ಗೇಣಿನೊಳಗೇ ಇರಬೇಕು. ಇನ್ನೊಂದು ತುದಿಯಲ್ಲಿ ಹಾಕಿದರೆ ನಡುವೆ ವೈರ್ ಉಜ್ಜಿ ಬಾಡಿಗೆ ತಾಗಿದಾಗ ಬೆಂಕಿ ತಡೆಯುವವರಿಲ್ಲ.

ಟೈರಿನ ಗಾಳಿಯ ವಿಚಾರಕ್ಕೆ ಎರಡೇ ಸಾಮಾನು, ಒಂದು ಒಳ್ಳೆಯ ಗೇಜು, ಒಂದು 12 ವೋಲ್ಟಿನ ಕಂಪ್ರೆಸರ್. ಜಿಪ್ಸಿ ಸುಮಾರು ಒಂದು ಟನ್ನಿನ ಹಗುರ ಗಾಡಿ. ಕೆಸರು, ಉರುಟು ಕಲ್ಲಿನ ದಾರಿ ಸಿಕ್ಕಾಗ ಗಾಳಿಯನ್ನು 26ರಿಂದ 18 ಪಿಎಸ್‌ಐಗೆ ಇಳಿಸಿದರೆ ಟೈರು ನೆಲಕ್ಕೆ ಹರಡಿ ಹಿಡಿತ ಸಿಗುತ್ತದೆ, ಬೆನ್ನಿಗೂ ಆರಾಮ. 15ಕ್ಕಿಂತ ಕೆಳಗೆ ಇಳಿಸುವುದು ಬೇಡ, ತಿರುವಿನಲ್ಲಿ ಟೈರು ರಿಮ್ ಬಿಟ್ಟು ಕಳಚಬಹುದು. ಡಾಂಬರು ರಸ್ತೆ ಸಿಕ್ಕ ಕೂಡಲೇ ಮತ್ತೆ ತುಂಬಿಸಬೇಕು. ಕಂಪ್ರೆಸರಿಗೆ ಸಿಗರೇಟ್ ಲೈಟರ್ ಸಾಕೆಟ್ ಸಾಲದು, ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದನ್ನು ಕೊಳ್ಳಿ.

ನಯಾಪೈಸೆ ಖರ್ಚಿಲ್ಲದೆ ಆದ ಕೆಲಸಗಳೂ ಇವೆ. ಜಡಿಮಳೆಗೆ ನೆನೆದ ಮಲೆನಾಡಿನ ಮಣ್ಣಿನಲ್ಲಿ ಜಾಕ್ ಇಟ್ಟರೆ ಗಾಡಿ ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ. ಮರದ ಮಿಲ್ಲಿನಲ್ಲಿ ಬಿಸಾಡಿದ್ದ ಹಲಸಿನ ಹಲಗೆಯನ್ನು ಅಡಿ ಅಗಲ, ಅಡಿ ಉದ್ದಕ್ಕೆ ಕೊಯ್ಸಿ, ಮೂಲೆಯಲ್ಲಿ ತೂತು ಕೊರೆದು ಹಗ್ಗ ಕಟ್ಟಿಕೊಂಡಿದ್ದೇನೆ. ಆ ಹಗ್ಗ ಇಲ್ಲದಿದ್ದರೆ ಕೆಸರು ಹಲಗೆಯನ್ನು ವಾಪಸು ಕೊಡುವುದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಸಿಕ್ಕ ಹಳೆಯ ಲಾರಿ ಟ್ಯೂಬನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಕತ್ತರಿಸಿದ್ದೇನೆ. ಪಾತ್ರೆ ಡಬ್ಬ, ನೀರಿನ ಕ್ಯಾನು, ಟೂಲ್ ಬಾಕ್ಸು ಎಲ್ಲವನ್ನೂ ಬಿಗಿಯುವುದು ಅವೇ. ಮಾರುಕಟ್ಟೆಯ ಕೊಕ್ಕೆಯ ಹಗ್ಗಗಳ ಹಾಗೆ ಕಿತ್ತು ಮುಖಕ್ಕೆ ಹಾರುವುದಿಲ್ಲ, ಗಡಗಡ ಸದ್ದೂ ಇಲ್ಲ.

ಮಲಗುವ ವ್ಯವಸ್ಥೆ ಸರಳ. ಹಿಂದಿನ ಎದುರುಬದುರು ಸೀಟುಗಳ ಮೇಲೆ 12 ಮಿಲಿಮೀಟರಿನ ಪ್ಲೈವುಡ್ ಹಲಗೆ, ಅದಕ್ಕೆ ಕೀಲು ಹಾಕಿದ ಇನ್ನೊಂದು ತುಂಡು. ಮುಂದಿನ ಸೀಟನ್ನು ಮುಂದಕ್ಕೆ ತಳ್ಳಿ ಅದನ್ನು ಬಿಡಿಸಿದರೆ ಒಬ್ಬರು ಕಾಲು ಚಾಚಬಹುದು. ಹಲಗೆಗಿಂತ ಮುಖ್ಯವಾದದ್ದು ಸೊಳ್ಳೆಪರದೆ. ಗಾಜು ಮುಚ್ಚಿ ಮಲಗಿದರೆ ನಮ್ಮ ಉಸಿರೇ ಬೆಳಗಾಗುವಷ್ಟರಲ್ಲಿ ಗಾಜಿನ ಮೇಲೆ ನೀರಾಗಿ ಹೊದಿಕೆಗೆ ತೊಟ್ಟಿಕ್ಕುತ್ತದೆ. ಊರಿನ ಟೈಲರ್ ಬಳಿ ಪರದೆ ಬಟ್ಟೆಯ ಚೀಲ ಹೊಲಿಸಿ, ದಿಂಬಿಗೆ ಕವರ್ ತೊಡಿಸಿದ ಹಾಗೆ ಬಾಗಿಲಿನ ಮೇಲರ್ಧಕ್ಕೆ ತೊಡಿಸಿ, ಒಳಗಿನಿಂದ ಗಾಜು ಇಳಿಸಿಕೊಂಡರೆ ಗಾಳಿ ಬರುತ್ತದೆ, ಸೊಳ್ಳೆ ಬರುವುದಿಲ್ಲ. ಒಳಗೆ ಹಳದಿ ಎಲ್‌ಇಡಿ ಪಟ್ಟಿ ಹಾಕಿದ್ದೇನೆ, ಬಿಳಿ ಬೆಳಕಿಗೆ ಮುತ್ತುವಷ್ಟು ಹುಳ ಇದಕ್ಕೆ ಮುತ್ತುವುದಿಲ್ಲ. 5 ವಾಟಿನದಾದರೆ ಅರ್ಧ ಆಂಪಿಯರೂ ಬೇಡ, ಇಡೀ ಸಂಜೆ ಉರಿಸಿದರೂ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗುತ್ತದೆ. ಉಂಬಳಕ್ಕೆ ಮಾತ್ರ ಗಾಡಿಯಲ್ಲಿ ಮಾಡಬಹುದಾದದ್ದು ಏನೂ ಇಲ್ಲ. ಹತ್ತುವ ಮುಂಚೆ ಕಾಲು ನೋಡಿಕೊಂಡು, ಉಪ್ಪು ಕಟ್ಟಿದ ಬಟ್ಟೆಯ ಗಂಟನ್ನು ಒತ್ತುವುದೊಂದೇ ದಾರಿ.

ನಾನು ಹೇಳಿದ್ದರಲ್ಲಿ ಯಾವುದೂ ಗಾಡಿಯ ಮೂಲ ಆಕಾರವನ್ನು ಬದಲಿಸುವುದಿಲ್ಲ. ಇದನ್ನು ಬೇಕೆಂದೇ ಪಾಲಿಸುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನುಮತಿಯಿಲ್ಲದ ಮಾರ್ಪಾಡನ್ನು ಒಪ್ಪುವುದಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಮುಂಭಾಗದ ಕ್ರ್ಯಾಶ್ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಕಾನೂನು ಬದಿಗಿಟ್ಟರೂ ಲೆಕ್ಕ ಅದೇ. ಕಬ್ಬಿಣದ ಬಂಪರು, ಮೇಲೆ ದೊಡ್ಡ ಕ್ಯಾರಿಯರು, ಅದರ ಮೇಲೆ ನೀರಿನ ಕ್ಯಾನು ಹೇರಿದರೆ ಈ ಹಗುರ ಗಾಡಿ ಓರೆ ದಾರಿಯಲ್ಲಿ ಬೇಗ ವಾಲುತ್ತದೆ. 20 ಲೀಟರ್ ನೀರೆಂದರೆ 20 ಕಿಲೋ. ಅದರ ಜಾಗ ಸೀಟಿನ ಹಿಂದೆ, ನೆಲಕ್ಕೆ ತಾಗಿ, ಎರಡು ಆಕ್ಸಲ್‌ಗಳ ನಡುವೆ.

ಮೀಸಲು ಅರಣ್ಯದಲ್ಲಿ ಅನುಮತಿಯಿಲ್ಲದೆ ತಂಗುವಂತಿಲ್ಲ, ಹಾಗಾಗಿ ನಾವು ನಿಲ್ಲುವುದು ಪರಿಚಯದವರ ತೋಟಗಳ ಕಾಫಿ ಕಣದಲ್ಲಿ. ಅಲ್ಲಿ ಗಾಡಿಯ ಪಕ್ಕಕ್ಕೆ ಟಾರ್ಪಾಲು ಎಳೆದು, ಎರಡು ಬಿದಿರು ನಿಲ್ಲಿಸಿ, ಒಂದು ಮೂಲೆಯನ್ನು ತಗ್ಗಿಸಿ ಕಟ್ಟುತ್ತೇವೆ. ತಗ್ಗಿಸದಿದ್ದರೆ ನೀರು ನಡುವೆ ನಿಂತು ಟಾರ್ಪಾಲು ಹರಿಯುತ್ತದೆ. ಸ್ಟೌ ಹಚ್ಚುವುದು ಅದರ ಕೆಳಗೆ, ತೆರೆದ ಗಾಳಿಯಲ್ಲಿ. ಎಂಥ ಮಳೆ ಬಂದರೂ, ಒಂದು ಲೋಟ ಕಾಫಿಗಾದರೂ, ಗಾಡಿಯೊಳಗೆ ಒಲೆ ಹಚ್ಚಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಮಲಗಿದವರು ಏಳದೇ ಹೋಗಬಹುದು.